ಕಾಲಿನದೋ, ಕೈಯದೋ, ಎರಡೂನೋ? ಬೈಕ್ ಬ್ರೇಕ್ ಹಿಡಿಯುವ ಬಗೆಗಳ ಹೋಲಿಕೆ

ಬ್ರೇಕ್ ವಿಷಯಕ್ಕೆ ಬಂದರೆ ಬೈಕ್ ಸವಾರರಲ್ಲಿ ಮೂರು ಪಂಗಡಗಳಿವೆ. ಕಾಲನ್ನೇ ನಂಬಿದವರು ಮುಂದಿನ ಬ್ರೇಕ್ ಮುಟ್ಟಿದರೆ ಗಾಡಿ ಪಲ್ಟಿ ಹೊಡೆಯುತ್ತದೆ ಎನ್ನುತ್ತಾರೆ. ಕೈಯನ್ನೇ ನಂಬಿದವರಿಗೆ ಹಿಂದಿನ ಬ್ರೇಕ್ ಇರುವುದು ಸಿಗ್ನಲ್ಲಿನಲ್ಲಿ ನಿಂತಾಗ ಗಾಡಿ ಉರುಳದಿರಲಿ ಎಂದು. ಮೂರನೆಯವರು ಎರಡನ್ನೂ ಹಿಡಿಯುತ್ತಾರೆ, 'ಮುಂದೆ ಎಪ್ಪತ್ತು, ಹಿಂದೆ ಮೂವತ್ತು' ಎಂಬ ಸೂತ್ರ ಹೇಳುತ್ತಾರೆ. ಒಂದೇ ಗಾಡಿಯಲ್ಲಿ, ಒಂದೇ ಜಾಗದಲ್ಲಿ ಮೂರೂ ಬಗೆ ಹಿಡಿದು ನೋಡಿದರೆ ಮೊದಲಿಬ್ಬರ ಮಾತು ಅರ್ಧ ನಿಜ ಎಂದು ತಿಳಿಯುತ್ತದೆ. ಮೂರನೆಯವರ ಅಭ್ಯಾಸ ಸರಿ, ಆದರೆ ಅವರ ಸೂತ್ರ ಎಲ್ಲ ರಸ್ತೆಗೂ ಹೊಂದುವುದಿಲ್ಲ.

ಮೊದಲು ತೂಕದ ಲೆಕ್ಕ ನೋಡೋಣ. ಗಾಡಿಯೂ ಸವಾರನೂ ಸೇರಿ 220 ಕೆ.ಜಿ., ಎರಡು ಚಕ್ರಗಳ ನಡುವೆ 1300 ಮಿ.ಮೀ., ಒಟ್ಟು ಭಾರದ ಕೇಂದ್ರ ನೆಲದಿಂದ 600 ಮಿ.ಮೀ. ಎತ್ತರದಲ್ಲಿ ಎಂದಿಟ್ಟುಕೊಳ್ಳಿ. ನಿಂತಿರುವಾಗ ಮುಂದಿನ ಚಕ್ರದ ಮೇಲೆ 103 ಕೆ.ಜಿ., ಹಿಂದಿನದರ ಮೇಲೆ 117 ಕೆ.ಜಿ. ಇರುತ್ತದೆ. ಒಣ ಡಾಂಬರಿನ ಮೇಲೆ, ಟೈರಿನ ಹಿಡಿತ 0.8 (ಅಂದರೆ ಮೇಲಿರುವ ಭಾರದ ನೂರಕ್ಕೆ 80ರಷ್ಟು ಬ್ರೇಕ್ ಬಲ) ಇರುವಾಗ, ಎರಡೂ ಬ್ರೇಕನ್ನು ಪೂರ್ತಿ ಬಳಸಿದರೆ ಭಾರ ಮುಂದಕ್ಕೆ ವಾಲಿ ಮುಂದೆ 184 ಕೆ.ಜಿ. ಆಗುತ್ತದೆ, ಹಿಂದೆ ಉಳಿಯುವುದು 36 ಮಾತ್ರ. ಟೈರು ನೆಲವನ್ನು ಎಷ್ಟು ಹಿಡಿಯಬಲ್ಲದು ಎಂಬುದು ಅದರ ಮೇಲಿರುವ ಭಾರಕ್ಕೆ ತಕ್ಕಂತೆ. ಬ್ರೇಕ್ ಒತ್ತಿದಷ್ಟೂ ಹಿಂದಿನ ಚಕ್ರ ಹಗುರಾಗುತ್ತದೆ, ಅದು ಲಾಕ್ ಆಗುವುದೂ, ಅಂದರೆ ಉರುಳುವುದು ನಿಂತು ಜಾರುವುದೂ, ಅಷ್ಟೇ ಸುಲಭವಾಗುತ್ತದೆ.

ಇದೇ ಗಾಡಿ, ಇದೇ ರಸ್ತೆ, ಪ್ರತಿ ಬಗೆಯಲ್ಲೂ ಸಿಗಬಹುದಾದ ಅತ್ಯುತ್ತಮ ಬ್ರೇಕಿಂಗ್ ಎಂದುಕೊಂಡರೆ ನಿಲ್ಲುವ ದೂರ ಹೀಗೆ ಬರುತ್ತದೆ:

40 ಕಿ.ಮೀ. ವೇಗದಿಂದ: ಹಿಂದಿನದು ಮಾತ್ರ 20 ಮೀಟರ್, ಮುಂದಿನದು ಮಾತ್ರ ಹತ್ತೂವರೆ ಮೀಟರ್, ಎರಡೂ 8 ಮೀಟರ್.
60 ಕಿ.ಮೀ. ವೇಗದಿಂದ: ಹಿಂದಿನದು ಮಾತ್ರ 46 ಮೀಟರ್, ಮುಂದಿನದು ಮಾತ್ರ 24 ಮೀಟರ್, ಎರಡೂ 18 ಮೀಟರ್.

ಇದರಲ್ಲಿ ಯೋಚಿಸಿ ಕೈ ಚಾಚುವ ಹೊತ್ತು ಸೇರಿಲ್ಲ. ಅದಕ್ಕೆ ಒಂದು ಸೆಕೆಂಡ್ ಹಿಡಿದರೂ 40ರಲ್ಲಿ 11 ಮೀಟರ್, 60ರಲ್ಲಿ ಸುಮಾರು 17 ಮೀಟರ್ ಕೂಡಿಸಬೇಕು. ಟೇಪ್ ಹಿಡಿದು ಅಳೆದರೆ ದೂರ ಲೆಕ್ಕಕ್ಕಿಂತ ಎರಡು ಮೂರು ಮೀಟರ್ ಹೆಚ್ಚೇ ಇರುತ್ತದೆ. ಲಿವರ್ ಮೇಲೆ ಒತ್ತಡ ಪೂರ್ತಿ ಕೂಡುವುದರೊಳಗೆ ಗಾಡಿ ಅಷ್ಟು ಮುಂದೆ ಹೋಗಿರುತ್ತದೆ.

ದೂರಕ್ಕಿಂತ ವೇಗದ ಲೆಕ್ಕ ಹೆಚ್ಚು ಹೆದರಿಸುವಂಥದ್ದು. 40ರಲ್ಲಿ ಎರಡೂ ಬ್ರೇಕ್ ಹಿಡಿದ ಗಾಡಿ ನಿಂತ ಗೆರೆಯನ್ನು ಮುಂದಿನದನ್ನು ಮಾತ್ರ ಹಿಡಿದ ಗಾಡಿ 20 ಕಿ.ಮೀ. ವೇಗದಲ್ಲಿ ದಾಟುತ್ತದೆ. ಹಿಂದಿನದನ್ನು ಮಾತ್ರ ತುಳಿದ ಗಾಡಿ ಅದೇ ಗೆರೆಯ ಮೇಲೆ ಇನ್ನೂ 31ರಲ್ಲಿರುತ್ತದೆ.

ಹಿಂದಿನದು ಮಾತ್ರ

ಕಾಲಿನ ಬ್ರೇಕ್ ಮೇಲೆ ಇಷ್ಟು ಭರವಸೆ ಯಾಕೆಂದರೆ ಅದು ಸವಾರನನ್ನು ಮುಂದಕ್ಕೆ ತಳ್ಳುವುದಿಲ್ಲ, ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಸ್ಪ್ರಿಂಗಿನ ಕವಲು) ಕುಸಿಯುವುದಿಲ್ಲ. ನಿಧಾನ ಓಡಾಟದಲ್ಲಿ ಇದೇ ಇದರ ಗುಣ. ಯು-ಟರ್ನ್, ಪಾರ್ಕಿಂಗ್ ಸಂದು, ತೆವಳುವ ಟ್ರಾಫಿಕ್, ಕೆಸರು, ಸಡಿಲ ಜಲ್ಲಿ ಇಲ್ಲೆಲ್ಲ ಹಿಂದಿನದೇ ಲೇಸು. ನಡಿಗೆಯ ವೇಗದಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿಕೊಂಡು ಮುಂದಿನ ಲಿವರ್ ಒಂದಿಷ್ಟು ಎಳೆದು ನೋಡಿ: ಫೋರ್ಕ್ ತಗ್ಗುತ್ತದೆ, ತಿರುಗಿದ ಚಕ್ರ ಅಲ್ಲೇ ನಿಲ್ಲುತ್ತದೆ, ಗಾಡಿಯ ಭಾರವೆಲ್ಲ ತಿರುಗಿದ ಕಡೆಗೆ ಬಿದ್ದು ನೀವು ಕಾಲು ಊರುವ ಮೊದಲೇ ಮಲಗುತ್ತದೆ. ಬೈಕ್ ಬೀಳಿಸಿದವರಲ್ಲಿ ಬಹಳ ಮಂದಿ ಬೀಳಿಸಿರುವುದು ಹೀಗೇ, ಮನೆಯ ಗೇಟಿನ ಮುಂದೆ.

ವೇಗದಲ್ಲಿ ಕತೆ ಬೇರೆ. ಗಾಬರಿಯಲ್ಲಿ ಪೆಡಲ್ ತುಳಿದರೆ ಹಗುರಾದ ಚಕ್ರ ಲಾಕ್ ಆಗಿ ಹಿಂಭಾಗ ಒಂದು ಪಕ್ಕಕ್ಕೆ ಜಾರತೊಡಗುತ್ತದೆ. ಗಾಡಿ ಇನ್ನೂ ನೇರವಿದ್ದರೆ ತಕ್ಷಣ ಪೆಡಲ್ ಸಡಿಲಿಸಿ, ಚಕ್ರ ಉರುಳಲಿ, ಮತ್ತೆ ಮೆಲ್ಲಗೆ ಒತ್ತಿ. ಹಿಂಭಾಗ ಆಗಲೇ ಪಕ್ಕಕ್ಕೆ ಬಂದುಬಿಟ್ಟಿದ್ದರೆ ಪೆಡಲ್ ಬಿಡಬಾರದು. ಬಿಟ್ಟ ಕ್ಷಣ ಟೈರು ನೆಲ ಹಿಡಿದು ಗಾಡಿ ಝಾಡಿಸಿ ನೆಟ್ಟಗಾಗುತ್ತದೆ, ಸವಾರನನ್ನು ಎತ್ತಿ ಎಸೆಯುತ್ತದೆ. ಆಗ ಲಾಕ್ ಆದ ಹಾಗೇ, ಹೋಗಬೇಕಾದ ದಿಕ್ಕನ್ನು ನೋಡುತ್ತ, ಜಾರಿಕೊಂಡು ನಿಲ್ಲುವುದೇ ಕಡಿಮೆ ನಷ್ಟ.

ಉದ್ದನೆಯ ಇಳಿಜಾರಿನಲ್ಲಿ ಹಿಂದಿನ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವುದು ಇನ್ನೊಂದು ತಪ್ಪು. ಡ್ರಮ್ ಆದರೆ ಒಳಗಿನ ಶಾಖಕ್ಕೆ ಹೊರದಾರಿ ಕಡಿಮೆ. ಬ್ರೇಕ್ ಶೂ ಬಿಸಿಯಾಗಿ ಹಿಡಿತ ಇಳಿಯುತ್ತದೆ. ಡಿಸ್ಕ್ ಆದರೆ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಏಳುತ್ತದೆ, ಪೆಡಲ್ ಸ್ಪಂಜಿನ ಹಾಗಾಗುತ್ತದೆ. ಗೇರ್ ಇಳಿಸಿ ಎಂಜಿನ್ನೇ ಗಾಡಿಯನ್ನು ತಡೆಯಲಿ. ಬ್ರೇಕನ್ನು ತಿರುವಿಗೆ ಮುಂಚೆ ಬಿಗಿಯಾಗಿ ಸ್ವಲ್ಪ ಹೊತ್ತು ಹಿಡಿದು, ಪೂರ್ತಿ ಬಿಟ್ಟು ತಣಿಯಲು ಬಿಡಿ.

ಮುಂದಿನದು ಮಾತ್ರ

ಪಲ್ಟಿಯ ಭಯಕ್ಕೆ ಲೆಕ್ಕದಲ್ಲೇ ಉತ್ತರವಿದೆ. ಮೇಲೆ ಹೇಳಿದ ಗಾಡಿ ಮುಂದಕ್ಕೆ ಮಗುಚಬೇಕಾದರೆ ಟೈರಿನ ಹಿಡಿತ 1.15 ಬೇಕು. ರಸ್ತೆ ಕೊಡುತ್ತಿರುವುದು 0.8. ಅಂದರೆ ಹಿಂದಿನ ಚಕ್ರ ಮೇಲೇಳುವ ಮೊದಲೇ ಮುಂದಿನದು ಜಾರುತ್ತದೆ. ಚಕ್ರಗಳ ನಡುವೆ ಗಿಡ್ಡ ಅಂತರದ, ಎತ್ತರದ ಗಾಡಿಗೆ ಒಳ್ಳೆ ಅಂಟು ಟೈರ್ ಹಾಕಿದರೆ ಮಾತ್ರ ಮಗುಚುವ ಮಾತು. ಆದ್ದರಿಂದ ಮುಂದಿನ ಬ್ರೇಕಿನ ನಿಜವಾದ ಅಪಾಯ ಪಲ್ಟಿಯಲ್ಲ, ಜಾರುವಿಕೆ. ಜಾರುವುದಕ್ಕೆ ಕಾರಣ ಬಹುಪಾಲು ಸಲ ಎಷ್ಟು ಜೋರಾಗಿ ಹಿಡಿದರು ಎಂಬುದಲ್ಲ, ಎಷ್ಟು ಬೇಗ ಹಿಡಿದರು ಎಂಬುದು.

ಇದನ್ನು ಹತ್ತಿರದಿಂದ ನೋಡಬೇಕು. ಲಿವರ್ ಎಳೆದ ಕ್ಷಣ ಭಾರ ಇನ್ನೂ ಮುಂದೆ ಬಂದಿರುವುದಿಲ್ಲ, ಚಕ್ರದ ಮೇಲಿರುವುದು ಅದೇ 103 ಕೆ.ಜಿ. ಆ ಗಳಿಗೆಯಲ್ಲೇ 184 ಕೆ.ಜಿ.ಗೆ ತಕ್ಕ ಒತ್ತಡ ಕೊಟ್ಟರೆ ಚಕ್ರ ನಿಂತೇ ಹೋಗುತ್ತದೆ. ಅದೇ ಒತ್ತಡವನ್ನು ಎರಡು ಹಂತದಲ್ಲಿ ಕೊಡಿ. ಮೊದಲು ಲಿವರಿನ ಸಡಿಲು ತೆಗೆದು ಪ್ಯಾಡ್ ಡಿಸ್ಕಿಗೆ ತಾಗುವಷ್ಟು. ಫೋರ್ಕ್ ತಗ್ಗಿ, ಹ್ಯಾಂಡಲ್ ಮೇಲೆ ಅಂಗೈಗೆ ಭಾರ ತಿಳಿಯುತ್ತದೆ. ಆಮೇಲೆ ಹಣ್ಣು ಹಿಂಡಿದ ಹಾಗೆ ಬಿಗಿ ಹೆಚ್ಚಿಸುತ್ತ ಹೋಗಿ. ಎರಡೂ ಹಂತ ಸೇರಿ ಅರ್ಧ ಸೆಕೆಂಡಿನ ಒಳಗೇ ಮುಗಿಯುತ್ತದೆ, ಆದರೆ ಆ ಅರ್ಧ ಸೆಕೆಂಡ್ ಟೈರನ್ನು ನೆಲಕ್ಕೆ ಅದುಮಿಕೊಡುತ್ತದೆ. ಮುಂದಿನ ಚಕ್ರ ಕಿರುಗುಟ್ಟಿ ಹ್ಯಾಂಡಲ್ ಹಗುರಾದರೆ ಕಾಯಬೇಡಿ, ಬಿಟ್ಟು ಮತ್ತೆ ಹಿಂಡಿ.

ಬೆರಳೆಷ್ಟು? ಒಳ್ಳೆ ಸ್ಥಿತಿಯ ಡಿಸ್ಕ್‌ಗೆ ಎರಡು ಸಾಕು, ಉಳಿದೆರಡು ಗ್ರಿಪ್ ಹಿಡಿದಿರಲಿ. ಕೇಬಲ್ಲಿನ ಡ್ರಮ್‌ಗೆ ನಾಲ್ಕೂ ಬೇಕು. ಎರಡೇ ಬೆರಳಿನಲ್ಲಿ ಹಿಡಿಯುವವರು ಲಿವರ್ ಒಳಗೆ ಬಂದು ಉಳಿದ ಬೆರಳಿಗೆ ತಾಗುತ್ತದೆಯೇ ಎಂದು ನಿಂತಲ್ಲೇ ಒತ್ತಿ ನೋಡಿ. ತಾಗಿದರೆ ಪೂರ್ತಿ ಒತ್ತಡ ಎಂದೂ ಸಿಗುವುದಿಲ್ಲ.

ಮುಂದಿನದನ್ನು ಮಾತ್ರ ಹಿಡಿಯುವವರು ಕಳೆದುಕೊಳ್ಳುವುದು ಒಣ ರಸ್ತೆಯಲ್ಲಿ, 40ರ ವೇಗದಲ್ಲಿ, ಎರಡೂವರೆ ಮೀಟರ್. ಅದೊಂದೇ ಆಗಿದ್ದರೆ ಅವರ ಜೊತೆ ಜಗಳಕ್ಕೆ ನಿಲ್ಲಬೇಕಿರಲಿಲ್ಲ. ಮಳೆ ಬಂದಾಗ ವಾದ ಕೆಡುತ್ತದೆ.

ಎರಡೂ, ಆದರೆ ಯಾವ ಪಾಲಿನಲ್ಲಿ?

ಒಣ ಡಾಂಬರಿನಲ್ಲಿ ಪೂರ್ತಿ ಬ್ರೇಕ್ ಹಿಡಿದಾಗ ಮುಂದಿನ ಚಕ್ರದ ಪಾಲು ನೂರಕ್ಕೆ 84, ಹಿಂದಿನದು 16. ಒದ್ದೆ ರಸ್ತೆಯಲ್ಲಿ ಹಿಡಿತ 0.5ಕ್ಕೆ ಇಳಿಯಿತು ಎನ್ನಿ. ಬ್ರೇಕ್ ಕಡಿಮೆಯಾದ್ದರಿಂದ ಭಾರವೂ ಕಡಿಮೆ ವಾಲುತ್ತದೆ. ಪಾಲು 70–30 ಆಗುತ್ತದೆ. ಸಡಿಲ ಜಲ್ಲಿಯಲ್ಲಿ 0.3 ಎಂದರೆ 61–39. 'ಎಪ್ಪತ್ತು ಮೂವತ್ತು' ಸೂತ್ರ ಹೊಂದುವುದು ಮಳೆಗೆ! ಬಿಸಿಲಿನ ರಸ್ತೆಯಲ್ಲಿ ಅದೇ ಪಾಲು ಇಟ್ಟು ಜೋರಾಗಿ ನಿಲ್ಲಿಸಲು ಹೋದರೆ ಹಿಂದಿನ ಚಕ್ರ ಲಾಕ್ ಆಗುತ್ತದೆ. ಹಿಂದೆ ಒಬ್ಬರು ಕೂತಿದ್ದರೆ ಅಥವಾ ಗಾಡಿ ಉದ್ದವಾಗಿ ತಗ್ಗಾಗಿದ್ದರೆ ಹಿಂದಿನ ಪಾಲು ಇನ್ನಷ್ಟು ಹೆಚ್ಚಿಸಬಹುದು.

ಕೈಕಾಲಿಗೆ ಇದನ್ನು ಕಲಿಸುವುದು ಹೀಗೆ. ಆಕ್ಸಿಲರೇಟರ್ ಬಿಡಿ. ಪೆಡಲನ್ನು ಹಗುರಾಗಿ ಒತ್ತಿ, ಬೆನ್ನಿಗೇ ಲಿವರ್ ಹಿಂಡಲು ಶುರು ಮಾಡಿ. ಲಿವರ್ ಬಿಗಿಯಾಗುತ್ತ ಹೋದ ಹಾಗೆ ಪೆಡಲ್ ಮೇಲಿನ ಪಾದ ಹಗುರಾಗುತ್ತ ಬರಬೇಕು. ಕಷ್ಟವಾಗುವುದು ಇಲ್ಲೇ, ಗಾಬರಿಯಲ್ಲಿ ಕೈಯೂ ಕಾಲೂ ಒಟ್ಟಿಗೇ ಬಿಗಿಯುತ್ತವೆ. ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿದರೆ ಮೈಭಾರ ತೋಳಿನ ಮೇಲೆ ಬೀಳುವುದಿಲ್ಲ, ಕೈಗೆ ಹದ ಉಳಿಯುತ್ತದೆ. ಸಾಮಾನ್ಯ ನಿಲುಗಡೆಯಲ್ಲಿ ಕ್ಲಚ್ ಕೊನೆಗೆ, ಎಂಜಿನ್ ನಡುಗುವ ಹೊತ್ತಿಗೆ. ತುರ್ತಿನಲ್ಲಿ ಬ್ರೇಕಿನ ಜೊತೆಗೇ ಎಳೆದುಬಿಡಿ. ನಿಂತಾಗ ಎಡಗಾಲು ನೆಲದ ಮೇಲೆ, ಬಲಗಾಲು ಪೆಡಲ್ ಮೇಲೆಯೇ.

ಖಾಲಿ, ಸಮತಟ್ಟು, ಮರಳಿಲ್ಲದ ಜಾಗದಲ್ಲಿ 30 ಕಿ.ಮೀ.ಯಿಂದ ಶುರು ಮಾಡಿ. ಒಂದು ಗುರುತಿನ ಹತ್ತಿರವೇ ಪ್ರತಿ ಸಲ ಬ್ರೇಕ್ ಹಿಡಿದು, ನಿಂತಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ನಾಲ್ಕೈದು ಸಲ ಒಂದೇ ಗೆರೆಯ ಹತ್ತಿರ ನಿಂತ ಮೇಲೆ ವೇಗ ಏರಿಸಿ. ಕಣ್ಣು ಮುಂದಿನ ಚಕ್ರದ ಮೇಲೆ ಹೋದರೆ ಗಾಡಿ ನೇರ ನಿಲ್ಲುವುದಿಲ್ಲ.

ತಿರುವಿನಲ್ಲಿ ಈ ಯಾವ ಲೆಕ್ಕವೂ ಪೂರ್ತಿ ಸಿಗುವುದಿಲ್ಲ, ಟೈರಿನ ಹಿಡಿತದ ದೊಡ್ಡ ಪಾಲು ಗಾಡಿಯನ್ನು ತಿರುಗಿಸುವುದಕ್ಕೇ ಖರ್ಚಾಗಿರುತ್ತದೆ. ತಿರುವಿಗೆ ಮುಂಚೆಯೇ ವೇಗ ಇಳಿಸಿ. ಮಧ್ಯದಲ್ಲಿ ನಿಲ್ಲಿಸಲೇಬೇಕಾದರೆ, ಜಾಗವಿದ್ದಷ್ಟು ಗಾಡಿಯನ್ನು ನೆಟ್ಟಗೆ ಮಾಡಿ, ಆಮೇಲೆ ಹಿಂಡಿ.

ಕಂಬೈಂಡ್ ಬ್ರೇಕ್ ಮತ್ತು ಎಬಿಎಸ್

ಕಂಬೈಂಡ್ ಬ್ರೇಕಿನಲ್ಲಿ ಪೆಡಲ್ ಒತ್ತಿದರೆ, ಸ್ಕೂಟರಿನಲ್ಲಿ ಎಡಗೈ ಲಿವರ್ ಎಳೆದರೆ, ಮುಂದಿನದಕ್ಕೂ ಸ್ವಲ್ಪ ಬ್ರೇಕ್ ಹೋಗುತ್ತದೆ. ಕಾಲನ್ನೇ ನಂಬಿದವರಿಗೆ ಇದು ದೊಡ್ಡ ಉಪಕಾರ. ಆದರೆ ಚಕ್ರ ಲಾಕ್ ಆಗುವುದನ್ನು ಅದು ತಡೆಯುವುದಿಲ್ಲ, ಮುಂದಿನ ಲಿವರಿನ ಪೂರ್ತಿ ಶಕ್ತಿಯನ್ನೂ ಕೊಡುವುದಿಲ್ಲ. ಬಲಗೈ ಕೆಲಸ ಬಲಗೈಯೇ ಮಾಡಬೇಕು.

1988ರಲ್ಲಿ ಬಿಎಂಡಬ್ಲ್ಯು ಕೆ100 ಬೈಕಿಗೆ ಬಂದ ಎಬಿಎಸ್ (ಚಕ್ರ ಲಾಕ್ ಆಗದಂತೆ ಬ್ರೇಕನ್ನು ತಾನೇ ಬಿಟ್ಟು ಹಿಡಿಯುವ ವ್ಯವಸ್ಥೆ) ಈಗ ಸಣ್ಣ ಗಾಡಿಗಳಲ್ಲೂ ಇದೆ. ಅದಿದ್ದರೆ ತುರ್ತಿನಲ್ಲಿ ಬಿಗಿಯಾಗಿ ಹಿಂಡಿ ಹಾಗೇ ಹಿಡಿದುಕೊಳ್ಳಬಹುದು. ಲಿವರ್ ಬೆರಳಿಗೆ ಟಕಟಕ ಒದ್ದರೆ ಹೆದರಿ ಬಿಡಬೇಡಿ, ಅದು ಕೆಲಸ ಮಾಡುತ್ತಿರುವ ಗುರುತು. ಸಿಂಗಲ್ ಚಾನೆಲ್ ಎಂದರೆ ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನದು ಮೊದಲಿನ ಹಾಗೇ ಲಾಕ್ ಆಗುತ್ತದೆ. ಸಡಿಲ ಜಲ್ಲಿಯಲ್ಲಿ ಎಬಿಎಸ್ ಮತ್ತೆ ಮತ್ತೆ ಬಿಡುವುದರಿಂದ ದೂರ ಹೆಚ್ಚಾಗಬಹುದು. ವಾಲಿದ ಗಾಡಿಯನ್ನು ಸಾಮಾನ್ಯ ಎಬಿಎಸ್ ಗುರುತಿಸುವುದಿಲ್ಲ.

ಯಾವ ಬಗೆಯಾದರೂ ಉಪಕರಣ ಸರಿಯಿರಬೇಕು. ಪ್ಯಾಡ್ ದಪ್ಪ 2 ಮಿ.ಮೀ.ಗೆ ಬಂದರೆ ಬದಲಿಸಿ. ಹಿಂದಿನ ಡ್ರಮ್ ಪೆಡಲಿಗೆ 20ರಿಂದ 30 ಮಿ.ಮೀ. ಸಡಿಲು ಸಾಮಾನ್ಯ, ನಿಮ್ಮ ಗಾಡಿಯ ಕೈಪಿಡಿಯ ಅಳತೆ ಬೇರೆಯಿದ್ದರೆ ಅದೇ ಸರಿ. ಹೊಸ ಡಾಟ್ 4 ಬ್ರೇಕ್ ಆಯಿಲ್ ಕುದಿಯುವುದು 230 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲೆ. ಗಾಳಿಯ ತೇವ ಹೀರಿದ ಮೇಲೆ ಆ ಮಿತಿ 155ರ ಹತ್ತಿರಕ್ಕೆ ಇಳಿಯುತ್ತದೆ, ಹಾಗಾಗಿ ಎರಡು ವರ್ಷಕ್ಕೊಮ್ಮೆ ಬದಲಾವಣೆ. ಚೈನಿಗೆ ಸ್ಪ್ರೇ ಹೊಡೆಯುವಾಗ ಹಿಂದಿನ ಡಿಸ್ಕಿಗೆ ಬಟ್ಟೆ ಮುಚ್ಚಿ, ಅದರ ಮೇಲೆ ಬಿದ್ದ ಒಂದು ಹನಿ ಎಣ್ಣೆ ಪ್ಯಾಡಿಗೂ ಇಳಿಯುತ್ತದೆ. ಹೊಸ ಪ್ಯಾಡ್ ಹಾಕಿಸಿದ ದಿನ ಗ್ಯಾರೇಜಿನಿಂದ ಹೊರಡುವ ಮೊದಲು ಲಿವರ್ ಗಟ್ಟಿಯಾಗುವ ತನಕ ನಾಲ್ಕೈದು ಸಲ ಹಿಂಡಿ. ಪ್ಯಾಡನ್ನು ಒತ್ತುವ ಪಿಸ್ಟನ್ ಒಳಗೆ ತಳ್ಳಿರುತ್ತಾರೆ, ಹಿಂಡದೆ ಹೊರಟರೆ ಮೊದಲ ಎಳೆತಕ್ಕೆ ಲಿವರ್ ಗ್ರಿಪ್‌ಗೆ ತಾಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.