ಸ್ಕೋನ್‌ಗೆ ಒಣದ್ರಾಕ್ಷಿಯೋ, ಮಾವೋ?

ಕಲಬುರಗಿಯ ಮೇ ಬಿಸಿಲಿನಲ್ಲಿ ಗೆಳೆಯರನ್ನು ಕರೆದು ಸ್ಕೋನ್ (ಮೈದಾ, ಬೆಣ್ಣೆ, ಹಾಲು ಸೇರಿಸಿ ಓವನ್‌ನಲ್ಲಿ ಬೇಯಿಸುವ ಪುಟ್ಟ ಬನ್ನಿನಂಥ ತಿನಿಸು) ಮಾಡುವುದಾದರೆ ನನ್ನ ಮತ ಒಣದ್ರಾಕ್ಷಿಗೆ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಬಟ್ಟೆಯಲ್ಲಿ ಒರೆಸಿ ಹಾಕಿದರೆ ಹಿಟ್ಟಿನ ಹದ ಕೆಡುವುದಿಲ್ಲ. ಮಾವಿನ ಹೋಳಿನ ಘಮವೇ ಬೇರೆ, ಒಪ್ಪುತ್ತೇನೆ. ಆದರೆ ಅದು ನೀರು ಬಿಟ್ಟು ಸ್ಕೋನಿನ ನಡುಭಾಗ ಹಸಿಯಾಗಿಯೇ ಉಳಿಯುತ್ತದೆ. ಮಾವೇ ಬೇಕೆಂಬ ಹಟವಿದ್ದರೆ ಹಾಲು ಕಡಿಮೆ ಮಾಡಿ, ಹೋಳುಗಳನ್ನು ಫ್ರೀಜರ್‌ನಲ್ಲಿ ಗಟ್ಟಿಯಾಗಿಸಿ ಹಾಕಿ.

ಹಣ್ಣು ಯಾವುದೇ ಇರಲಿ, ಹೆಚ್ಚು ಕಾಡುವುದು ಸೆಕೆ. ಬೆಣ್ಣೆ 32ರಿಂದ 35 ಡಿಗ್ರಿಯೊಳಗೆ ಕರಗುತ್ತದೆ. ಇಲ್ಲಿ ಹೊರಗೆ 40 ದಾಟಿರುತ್ತದೆ! ತಣ್ಣನೆಯ ಬೆಣ್ಣೆಚೂರಿನ ನೀರು ಓವನ್‌ನಲ್ಲಿ ಹಬೆಯಾದಾಗಲೇ ಪದರಗಳು ಏಳುವುದು. 250 ಗ್ರಾಂ ಮೈದಾಕ್ಕೆ 60 ಗ್ರಾಂ ಗಟ್ಟಿ ಬೆಣ್ಣೆ ತುರಿದು, 210 ಡಿಗ್ರಿಯಲ್ಲಿ ಬೇಯಿಸಿ. ಪಕ್ಕದಲ್ಲಿ ಸೀಕರಣೆಯ ಬಟ್ಟಲಿಟ್ಟರೆ ಮಾವಿನ ಆಸೆಯೂ ತೀರುತ್ತದೆ.