ಮೋರಿಯಾವೋ, ರೋಹನ್ನೋ: ‘ವಾರ್ ಆಫ್ ದಿ ರಿಂಗ್’ ಬೋರ್ಡ್ ಗೇಮಿನಲ್ಲಿ ದಾರಿಯ ಲೆಕ್ಕ

ಮಳೆಗಾಲದಲ್ಲಿ ಹುಬ್ಬಳ್ಳಿಯಿಂದ ಪಣಜಿಗೆ ಹೊರಟವರು ಅನಮೋಡ ಘಟ್ಟ ಇಳಿಯಬೇಕೋ, ಯಲ್ಲಾಪುರದ ಮೇಲೆ ಕಾರವಾರ ಮುಟ್ಟಬೇಕೋ ಎಂದು ಕಿಲೋಮೀಟರ್ ನೋಡಿ ತೀರ್ಮಾನಿಸುವುದಿಲ್ಲ, ಘಟ್ಟ ಹೇಗಿದೆ ಎಂದು ಮೊದಲು ಕೇಳುತ್ತಾರೆ. ಟೋಲ್ಕಿನ್ನರ ‘ಲಾರ್ಡ್ ಆಫ್ ದಿ ರಿಂಗ್ಸ್’ ಕಥೆಯ ಮೇಲೆ ಕಟ್ಟಿದ ‘ವಾರ್ ಆಫ್ ದಿ ರಿಂಗ್’ ಆಟದ ಎರಡನೇ ಆವೃತ್ತಿಗೂ ಅದೇ ಬುದ್ಧಿ ಬೇಕು. ಮಾಯಾ ಉಂಗುರವನ್ನು ನಾಶಮಾಡಲು ಹೊತ್ತ ತಂಡ ಮಿತ್ರರ ನೆಲೆ ರಿವೆಂಡೆಲ್‌ನಿಂದ ಶತ್ರುವಿನ ನಾಡು ಮೊರ್ಡೋರ್‌ಗೆ ಯಾವ ದಾರಿ ಹಿಡಿಯಿತು, ಮೋರಿಯಾ ಹಾಯ್ದೋ ರೋಹನ್ ಮೇಲೋ, ಎಂಬುದರ ಮೇಲೆ ಸೋಲು-ಗೆಲುವು ನಿಜಕ್ಕೂ ಬದಲಾಗುತ್ತದೆ.

ತಂಡದ ಗೊಂಬೆ ನಕ್ಷೆಯಲ್ಲಿ ನಿಂತಲ್ಲೇ ಇರುತ್ತದೆ; ನಡೆದ ಹೆಜ್ಜೆಗಳು ಪಕ್ಕದ ಪಟ್ಟಿಯಲ್ಲಿ ಏರುತ್ತವೆ. ಪ್ರತಿ ಹೆಜ್ಜೆಗೂ ತಂಡವನ್ನು ಹುಡುಕುವ ಶತ್ರುಪಕ್ಷದ ಎದುರಾಳಿ ಬೇಟೆಯ ದಾಳ ಹಾಕುತ್ತಾನೆ. ಮೊದಲ ಹೆಜ್ಜೆಗೆ 6 ಬೀಳಬೇಕು. ಅದೇ ಸುತ್ತಿನ ಎರಡನೆಯದಕ್ಕೆ 5 ಸಾಕು, ಮೂರನೆಯದಕ್ಕೆ 4. ಎರಡು ದಾಳವಿದ್ದರೆ ಬೇಟೆ ತಗಲುವ ಸಾಧ್ಯತೆ ಸುಮಾರು ಶೇ. 31, 56, 75. ಹೊಸಬರು ಒಂದೇ ಸುತ್ತಿನಲ್ಲಿ ಮೂರು ಹೆಜ್ಜೆ ಓಡಿಸಿ ಇಲ್ಲೇ ಕೆಡುತ್ತಾರೆ.

ಮೋರಿಯಾ ಶತ್ರುವಿನ ಕೋಟೆ. ಅದನ್ನು ಹಾಯುವಾಗ ತಂಡ ಇರುವ ಜಾಗ ಬಯಲಾದರೆ ಇನ್ನೊಂದು ಬೇಟೆಬಿಲ್ಲೆ (ಬೇಟೆ ತಗಲಿದಾಗ ಪೆಟ್ಟೆಷ್ಟೆಂದು ಹೇಳುವ ಬಿಲ್ಲೆ) ಎತ್ತಬೇಕು. ಗುಟ್ಟಾಗಿ ದಾಟಿ, ಎಲ್ಫ್ ಜನರ ಕೋಟೆ ಲೋರಿಯನ್‌ನಲ್ಲಿ ‘ತಂಡ ಇಲ್ಲಿದೆ’ ಎಂದು ನೀವೇ ಘೋಷಿಸಿಕೊಂಡರೆ ಆ ದಂಡವಿಲ್ಲ. ಮೇಲಾಗಿ ಉಂಗುರ ಹೊತ್ತವನನ್ನು ಕೆಡಿಸುವ ಕಲುಷದ ಒಂದು ಅಂಕ ಇಳಿಯುತ್ತದೆ. 12 ತುಂಬಿದರೆ ಆಟವೇ ಮುಗಿಯುವುದರಿಂದ ಒಂದಂಕವೂ ಸಣ್ಣದಲ್ಲ.

ರೋಹನ್ ಕಣಿವೆಯ ಮಗ್ಗುಲಲ್ಲೇ ಶತ್ರುಪಕ್ಷದ ಐಸೆಂಗಾರ್ಡ್ ಸೈನ್ಯ. ಗೊಂಬೆ ನಿಂತ ಪ್ರದೇಶದಲ್ಲಿ ಶತ್ರು ಸೈನ್ಯವಿದ್ದರೆ ಎದುರಾಳಿ ತಪ್ಪಿದ ಒಂದು ದಾಳವನ್ನು ಮತ್ತೆ ಹಾಕಬಹುದು. ಶತ್ರುವಿನ ಹಾರುವ ಸವಾರ ನಾಜ್‌ಗೂಲ್ ಇದ್ದರೆ ಮತ್ತೊಂದು. ಆದರೆ ರೋಹನ್‌ನ ಪಟ್ಟಣ ಎಡೊರಾಸ್‌ನಲ್ಲಿ ಘೋಷಿಸಿಕೊಂಡರೆ ಕಲುಷ ಇಳಿಯುವುದರ ಜೊತೆಗೆ ಸುಮ್ಮನಿದ್ದ ಮಿತ್ರರಾಜ್ಯ ರೋಹನ್ ಕೂಡ ಎಚ್ಚೆತ್ತುಕೊಳ್ಳುತ್ತದೆ. ಲೋರಿಯನ್‌ನಲ್ಲಿ ಈ ಲಾಭವಿಲ್ಲ, ಎಲ್ಫ್‌ಗಳು ಮೊದಲೇ ಎಚ್ಚರ. ಎದುರಾಳಿ ಕೋಟೆ ಗೆದ್ದು ತನ್ನ ಗೆಲುವಿನ 10 ಅಂಕದತ್ತ ನುಗ್ಗುತ್ತಿದ್ದರೆ ರೋಹನ್ ದಾರಿಯೇ ಸರಿ. ದಾಳಗಳನ್ನು ಬೇಟೆಗೇ ಸುರಿಯುತ್ತಿದ್ದರೆ ಲೋರಿಯನ್. ಎರಡರಲ್ಲೂ ಮೊರ್ಡೋರ್‌ಗಾಗಿ ಕಲುಷದ ಲೆಕ್ಕದಲ್ಲಿ ಜಾಗ ಉಳಿಸಿಟ್ಟುಕೊಳ್ಳಿ: ಅಲ್ಲಿನ 5 ಮೆಟ್ಟಿಲಿಗೆ ದಾಳವಿಲ್ಲ, ಹೆಜ್ಜೆ ಹೆಜ್ಜೆಗೂ ಬಿಲ್ಲೆ, ಮುಂದೆ ಸರಿಯದೆ ನಿಂತ ಸುತ್ತಿಗೆ ಒಂದು ಕಲುಷ.

ಪೆಟ್ಟಿಗೆಯ 200ಕ್ಕೂ ಹೆಚ್ಚು ಗೊಂಬೆಗಳಲ್ಲಿ ಒಂದು ಪಕ್ಷದ ಸೈನಿಕರೆಲ್ಲ ನೀಲಿ, ಇನ್ನೊಂದರವರೆಲ್ಲ ಕೆಂಪು. ಯಾವುದು ಯಾವ ರಾಜ್ಯದ್ದೆಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ರಾಜ್ಯಕ್ಕೊಂದರಂತೆ ತಳಕ್ಕೆ ಬಣ್ಣ ಬಳಿದರೆ ಆ ಕಾಟ ತಪ್ಪುತ್ತದೆ. ಬಿಲ್ಲೆಗಳಿಗೆ ಎಲೆ-ಅಡಿಕೆ ಸಂಚಿ ಚೆನ್ನಾಗಿ ಒದಗುತ್ತದೆ. ಕಾರ್ಡುಗಳೆಲ್ಲ ಇಂಗ್ಲಿಷ್. ಇಬ್ಬರ ಆಟಕ್ಕೆ ಮೂರು ತಾಸು ಬೇಕು, ಮೊದಲ ಸಲ ಇನ್ನೂ ಹೆಚ್ಚು. ಭಾನುವಾರ ಊಟ ಮುಗಿದೊಡನೆ ನಕ್ಷೆ ಹಾಸಿಬಿಡಿ.