ಎಸ್‌.ಪಿ. ರೋಡಿನ ಈ ಅಣ್ಣನ ಹತ್ತಿರ ಪಿಸಿ ಧೈರ್ಯವಾಗಿ ಕೊಡಿ
ನನ್ನ ತಮ್ಮ ಮನೆಯಲ್ಲೇ ಜೋಡಿಸಿದ ಪಿಸಿಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್, ಅಂದರೆ ಚಿತ್ರಗಳ ಸಂಖ್ಯೆ) 90 ತೋರಿಸಿದರೂ ಗೇಮ್ ತಡೆತಡೆದು ಓಡುತ್ತಿತ್ತು. ಬೇರೆ ಕಡೆ ಗ್ರಾಫಿಕ್ಸ್ ಕಾರ್ಡೇ ಬದಲಿಸಿ ಅಂದಿದ್ದರು. ಬೆಂಗಳೂರಿನ ಎಸ್‌.ಪಿ. ರೋಡಿನ ಪುಟ್ಟ ರಿಪೇರಿ ಅಂಗಡಿಯ ಅಣ್ಣ ಮೊದಲು ನೋಡಿದ್ದು ಫ್ರೇಮ್‌ಟೈಮ್ ಗೆರೆಯನ್ನು, ಅಂದರೆ ಒಂದೊಂದು ಫ್ರೇಮ್‌ಗೂ ಎಷ್ಟು ಹೊತ್ತು ಹಿಡಿಯಿತು ಎಂದು ತೋರಿಸುವ ಗ್ರಾಫನ್ನು. ಅದೇ ಸರಿ. 60 ಎಫ್‌ಪಿಎಸ್ ನಯವಾಗಿರಬೇಕಾದರೆ ಪ್ರತಿ ಫ್ರೇಮೂ ಸುಮಾರು 16.7 ಮಿಲಿಸೆಕೆಂಡಿಗೆ ಬರಬೇಕು. ನಡುವೆ ಒಂದು ಫ್ರೇಮ್ 80 ಮಿಲಿಸೆಕೆಂಡ್ ತೆಗೆದುಕೊಂಡರೂ ಜರ್ಕ್ ಕಣ್ಣಿಗೆ ಹೊಡೆಯುತ್ತದೆ, ಸರಾಸರಿ ಎಷ್ಟೇ ಇರಲಿ. ಕೇಸ್ ಬಿಚ್ಚಿ, ಅಕ್ಕಪಕ್ಕ ಕೂತಿದ್ದ ಎರಡು ರ‍್ಯಾಮ್‌ಗಳನ್ನು ಎರಡನೇ, ನಾಲ್ಕನೇ ಸ್ಲಾಟಿಗೆ ಹಾಕಿ ಡ್ಯುಯಲ್ ಚಾನೆಲ್ ಮಾಡಿದರು, ಅಂದರೆ ಎರಡೂ ಒಟ್ಟಿಗೆ ಡೇಟಾ ಸಾಗಿಸುವ ಹಾಗೆ. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಸೆಟ್ಟಿಂಗ್, ಆನ್ ಮಾಡಿದ್ದೇ, 2133ರ ವೇಗದಲ್ಲಿ ತೆವಳುತ್ತಿದ್ದ ಡಿಡಿಆರ್4 ರ‍್ಯಾಮ್ 3200ಕ್ಕೆ ಏರಿತು. ಗೆರೆ ಸಪಾಟು! ಹೊಸ ಪಾರ್ಟ್ ಒಂದನ್ನೂ ತಗುಲಿಹಾಕಲಿಲ್ಲ, ಬರೀ ಸರ್ವಿಸ್ ಚಾರ್ಜ್. ಶನಿವಾರ ಮಾತ್ರ ಹೋಗಬೇಡಿ, ತುಂಬಾ ಕಾಯಬೇಕು.